ಭಾರ ಇದ್ದಲ್ಲಿ ಬ್ರೇಕ್ ಇರಬೇಕು

ಬೈಕ್ ಹುಚ್ಚಿನ ಹುಡುಗರ ನಡುವೆ ಒಂದು ಚರ್ಚೆ ಯಾವಾಗಲೂ ನಡೆದೇ ಇರ್ತದೆ. ವಾರವೆಲ್ಲ ಊರ ರಸ್ತೆಯಲ್ಲಿ ಓಡೋ ಗಾಡಿಯನ್ನೇ ಒಂದು ದಿನ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು ಮನಸಾರೆ ಓಡಿಸಬೇಕು ಅಂದ್ರೆ ಯಾವ ಬ್ರೇಕ್ ಪ್ಯಾಡ್ ಹಾಕಿಸಬೇಕು? ಊರಿಗೂ ಆಗಬೇಕು, ಟ್ರ್ಯಾಕಿಗೂ ಆಗಬೇಕು, ಒಂದೇ ಜೋಡಿ ಸಾಕಾಗ್ತದೋ ಇಲ್ಲವೋ?

ಬಲ್ಲವರ ಉತ್ತರ ಸರಳ ಅದ. ರೇಸಿಗೆ ಅಂತ ಮಾಡಿದ ಪ್ಯಾಡಿಗೆ ಮೊದಲು ಕಾವು ಏರಬೇಕು, ಆಮೇಲೇ ಅದು ಸರಿಯಾಗಿ ಕಚ್ಚೋದು. ಮುಂಜಾನೆಯ ಥಂಡಿಯಲ್ಲಿ ಬಸ್ ಸ್ಟ್ಯಾಂಡ್ ಮುಂದೆ ಎಮ್ಮೆ ಅಡ್ಡ ಬಂದ್ರೆ ಅದಕ್ಕಿಂತ ಕಂಪನಿಯ ಸಾದಾ ಪ್ಯಾಡೇ ಮೇಲು. ಸಾದಾ ಪ್ಯಾಡು ಥಂಡಿಯಲ್ಲೇ ಹಿಡೀತದೆ, ಡಿಸ್ಕನ್ನೂ ತಿನ್ನೋದಿಲ್ಲ. ಆದರೆ ಟ್ರ್ಯಾಕಿನ ಮೇಲೆ ಮೇಲಿಂದ ಮೇಲೆ ಗಟ್ಟಿ ಬ್ರೇಕ್ ಹಾಕಿ ಕಾವು ಮಿತಿ ಮೀರಿತು ಅಂದ್ರೆ ಹಿಡಿತ ಬಿಡ್ತದೆ. ಹಾಗಾಗಿ ಎರಡೂ ಕೆಲಸ ಮಾಡೋರು ಎರಡು ಜೋಡಿ ಇಟ್ಕೊತಾರೆ, ಟ್ರ್ಯಾಕಿಗೆ ಹೋದ ದಿನ ಬದಲಿಸ್ತಾರೆ. ಒಂದೇ ಬೇಕು ಅನ್ನೋರು ನಡುವಿನದೊಂದು ಆರಿಸಿ, ಅದರ ಮಿತಿ ಅರಿತು ಓಡಿಸ್ತಾರೆ. "ಇದು ಯಾವ ಕೆಲಸಕ್ಕೆ?" ಅಂತ ಮೊದಲು ಕೇಳೋ ಬುದ್ಧಿ ಅವರಿಗೆ ಅದ.

ಈ ಬುದ್ಧಿ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರಸ್ತೆಗಳ ಮೇಲೆ ಮಾತ್ರ ಯಾಕೆ ಇಲ್ಲ ಅನ್ನೋದು ನನ್ನ ತಕರಾರು. ಎರಡು ಕೆಲಸಕ್ಕೆ ಒಂದೇ ಬ್ರೇಕ್ ಬಳಸೋ ಗಾಡಿ ನಮ್ಮಲ್ಲಿ ಹುಡುಗರ ಬೈಕಲ್ಲ, ಟ್ರ್ಯಾಕ್ಟರ್. ಹೊಲದಾಗೂ ಅದೇ, ಡಾಂಬರ್ ಮೇಲೂ ಅದೇ. ಹಿಂದೆ ಎರಡು ಟ್ರೇಲರ್, ಅದರ ಮೇಲೆ ಮುಗಿಲಿಗೆ ಏರಿಸಿದ ಕಬ್ಬು. ಬೈಕಿನ ಪ್ಯಾಡಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡೋ ಊರಿನಲ್ಲಿ ಈ ಗಾಡಿ ಯಾವುದರಿಂದ ನಿಲ್ತದೆ ಅಂತ ಯಾರೂ ಕೇಳೋದಿಲ್ಲ.

ಒಂದು ಲೆಕ್ಕ ಹಾಕೋಣ. ಬ್ರೇಕಿನ ಕೆಲಸ ಅಂದ್ರೆ ಓಟದ ಶಕ್ತಿಯನ್ನು ಶಾಖ ಮಾಡಿ ಹೊರಗೆ ಹಾಕೋದು. ಸವಾರನೂ ಸೇರಿ 250 ಕಿಲೋ ತೂಗುವ ರೇಸಿಂಗ್ ಬೈಕು ಗಂಟೆಗೆ 200 ಕಿ.ಮೀ. ವೇಗದಲ್ಲಿ ಓಡ್ತಿದ್ರೆ ಅದರ ಓಟದ ಶಕ್ತಿ ಸುಮಾರು 386 ಕಿಲೋಜೂಲ್. ಈಗ ಟ್ರ್ಯಾಕ್ಟರ್, ಎರಡು ಟ್ರೇಲರ್, ಕಬ್ಬು ಎಲ್ಲಾ ಸೇರಿ 20 ಟನ್ ಅಂತ ಹಿಡೀರಿ. ಗಂಟೆಗೆ ಬರೇ 25 ಕಿ.ಮೀ. ವೇಗ. ಅದರ ಶಕ್ತಿ ಸುಮಾರು 482 ಕಿಲೋಜೂಲ್. ಹೆದ್ದಾರಿಯಲ್ಲಿ 100ರ ವೇಗದಲ್ಲಿ ಓಡೋ 1,200 ಕಿಲೋ ಕಾರಿಗಿಂತಲೂ ತುಸು ಹೆಚ್ಚೇ. "ನಾವೇನ್ ಸ್ಪೀಡ್ ಹೊಡ್ಯಾಂಗಿಲ್ರಿ, ನಿಧಾನ ಹೊಕ್ಕೀವಿ" ಅನ್ನೋ ಮಾತಿಗೆ ಈ ಲೆಕ್ಕವೇ ಉತ್ತರ. ನಿಧಾನ ಹೋದರೂ ರೇಸಿಂಗ್ ಬೈಕು ಹೊತ್ತಿದ್ದಕ್ಕಿಂತ ದೊಡ್ಡ ಹೊರೆ ನಿಮ್ಮ ಬ್ರೇಕಿನ ಮೇಲೆ ಅದ. ಬೈಕಿಗೆ ಆ ಹೊರೆ ಇಳಿಸಲಿಕ್ಕೆ ಮುಂದೆ ಹಿಂದೆ ಎರಡೂ ಗಾಲಿಗೆ ಡಿಸ್ಕ್. ನಿಮ್ಮ ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿಗೆ ಹಿಂದಿನ ಎರಡು ಗಾಲಿಗೆ ಮಾತ್ರ.

ಆ ಎರಡು ಗಾಲಿಯ ಬ್ರೇಕಾದರೂ ಯಾತಕ್ಕೆ ಮಾಡಿದ್ದು? ಹೊಲಕ್ಕೆ. ಟ್ರ್ಯಾಕ್ಟರಿನ ಬಲಗಡೆ ಎರಡು ಬ್ರೇಕ್ ಪೆಡಲ್ ಇರ್ತಾವೆ, ಒಂದು ಎಡಗಡೆಯ ಗಾಲಿಗೆ, ಒಂದು ಬಲಗಡೆಯದಕ್ಕೆ. ಸಾಲಿನ ಕೊನೆಗೆ ಬಂದಾಗ ಬದುವಿನ ಹತ್ತಿರ ಜಾಗ ಇರೋದಿಲ್ಲ. ಒಂದೇ ಪೆಡಲ್ ಒತ್ತಿದರೆ ಆ ಗಾಲಿ ನಿಂತು, ಇನ್ನೊಂದು ಓಡಿ, ಟ್ರ್ಯಾಕ್ಟರ್ ನಿಂತಲ್ಲೇ ತಿರುಗ್ತದೆ. ಉಳುಮೆಯಲ್ಲಿ ಇದಕ್ಕಿಂತ ಒಳ್ಳೆಯ ಸೌಕರ್ಯ ಇಲ್ಲ. ರಸ್ತೆಗೆ ಬಂದಾಗ ಎರಡೂ ಪೆಡಲನ್ನು ಕೂಡಿಸಲಿಕ್ಕೆ ಅಂತ ಕಂಪನಿಯವರು ಒಂದು ಸಣ್ಣ ಕೊಂಡಿ ಕೊಟ್ಟಿರ್ತಾರೆ. ಕೊಂಡಿ ಹಾಕಿದರೆ ಎರಡು ಗಾಲಿಯೂ ಒಟ್ಟಿಗೆ ಹಿಡೀತಾವೆ. ಹೊಲದಿಂದ ರಸ್ತೆಗೆ ಏರುವಾಗ ಆ ಕೊಂಡಿ ಹಾಕೋದು ಅಂದ್ರೆ ಬೈಕಿನವನು ಟ್ರ್ಯಾಕಿಗೆ ಹೋಗುವಾಗ ಪ್ಯಾಡ್ ಬದಲಿಸಿದ ಹಾಗೆ. ಅವನಿಗೆ ಅರ್ಧ ತಾಸಿನ ಕೆಲಸ, ದುಡ್ಡಿನ ಖರ್ಚು. ನಿಮಗೆ ಎರಡು ಸೆಕೆಂಡಿನ ಕೆಲಸ, ಪುಕ್ಕಟೆ.

ಎಷ್ಟು ಟ್ರ್ಯಾಕ್ಟರಿನಲ್ಲಿ ಆ ಕೊಂಡಿ ಇನ್ನೂ ಉಳಿದದ? ನಿಮ್ಮ ಓಣಿಯಲ್ಲಿ ನಿಂತಿರೋ ನಾಲ್ಕು ಟ್ರ್ಯಾಕ್ಟರ್ ಬಗ್ಗಿ ನೋಡಿ ಬರ್ರಿ. ಮುರಿದಿರ್ತದೆ, ಇಲ್ಲಾ ತುಕ್ಕು ಹಿಡಿದು ಕೂತಿರ್ತದೆ, ಇಲ್ಲಾ "ಹೊಲದಾಗ ಅಡ್ಡ ಬರ್ತೈತಿ" ಅಂತ ಬಿಚ್ಚಿ ಒಗೆದಿರ್ತಾರೆ. ಹಿಂದೆ ಹದಿನೆಂಟು ಟನ್ ನೂಕ್ತಿರುವಾಗ ಗಾಬರಿಯಲ್ಲಿ ಒಂದೇ ಪೆಡಲಿಗೆ ಕಾಲು ಬಿತ್ತು ಅಂದ್ರೆ ಟ್ರ್ಯಾಕ್ಟರ್ ಒಂದು ಬದಿಗೆ ಹೊರಳ್ತದೆ, ಟ್ರೇಲರ್ ಹಿಂದಿನಿಂದ ಬಂದು ಅದನ್ನ ಮಡಚಿ ಹಾಕ್ತದೆ. ಅದಾದ ಮೇಲೆ ಜನ ಆಡೋ ಮಾತು, "ಸ್ಟೇರಿಂಗ್ ಎಳದಬಿಡ್ತು ನೋಡ್ರಿ". ಎಳೆದದ್ದು ಸ್ಟೇರಿಂಗ್ ಅಲ್ಲ.

ಇನ್ನು ಬ್ರೇಕಿನ ಆಯ್ಕೆಯ ಮಾತು. ಟ್ರ್ಯಾಕ್ಟರ್ ತಗೊಳ್ಳುವಾಗ ಡ್ರೈ ಬ್ರೇಕೋ, ಆಯಿಲ್ ಬ್ರೇಕೋ ಅಂತ ಶೋರೂಮಿನಲ್ಲಿ ಕೇಳ್ತಾರೆ. ಡ್ರೈ ಬ್ರೇಕಿನ ಪ್ಲೇಟು ಗಾಳಿಯಲ್ಲೇ ತಿಕ್ಕಾಡ್ತದೆ. ಅಗ್ಗ, ಬಿಚ್ಚಿ ಬದಲಿಸೋದು ಸುಲಭ. ಆದರೆ ಕೆಸರು, ದೂಳು ಒಳಗೆ ಹೊಕ್ಕು ಲೈನರ್ ಬೇಗ ಸವೀತದೆ, ಕಾವು ಹೋಗಲಿಕ್ಕೆ ದಾರಿ ಕಡಿಮೆ. ಆಯಿಲ್ ಬ್ರೇಕಿನ ಪ್ಲೇಟುಗಳು ಮುಚ್ಚಿದ ಮನೆಯೊಳಗೆ ಎಣ್ಣೆಯಲ್ಲಿ ಮುಳುಗಿರ್ತಾವೆ. ಎಣ್ಣೆ ಕಾವನ್ನು ಹೊತ್ತೊಯ್ತದೆ, ದೂಳು ಹೋಗೋದಿಲ್ಲ, ಬಾಳಿಕೆ ಹೆಚ್ಚು. ಕೆಟ್ಟಾಗ ಬಿಚ್ಚೋ ಖರ್ಚೂ ಹೆಚ್ಚು, ಎಣ್ಣೆಯೂ ಅದಕ್ಕೆ ಅಂತ ಮಾಡಿದ್ದೇ ಬೇಕು. ಸಿಕ್ಕ ಗೇರ್ ಆಯಿಲ್ ಸುರಿದರೆ ಬ್ರೇಕ್ ಕಿರುಚಾಡ್ತದೆ, ಜಗ್ಗಾಡ್ತದೆ. ಹಂಗಾಮಿನಲ್ಲಿ ದಿನಾ ಕಬ್ಬು ಹೊಡೆಯೋ ಗಾಡಿಗೆ ಆಯಿಲ್ ಬ್ರೇಕೇ ಸರಿ. ವರ್ಷಕ್ಕೆ ನಾಲ್ಕು ಸಲ ಸಂತೆಗೆ ಹೋಗೋ ಗಾಡಿಗೆ ಡ್ರೈ ಸಾಕು. ಡ್ರೈ ಇದ್ದವರು ಹಂಗಾಮು ಸುರು ಆಗೋ ಮುಂಚೆ ಲೈನರ್ ಬದಲಿಸಲಿ. ನೂರಿನ್ನೂರು ರೂಪಾಯಿ ಉಳಿಸಲಿಕ್ಕೆ ಹೆಸರಿಲ್ಲದ ಲೈನರ್ ಹಾಕಿಸಿ, ಐದಾರು ಸಾವಿರದ ಸೌಂಡ್ ಬಾಕ್ಸ್ ಕೂಡಿಸೋ ಲೆಕ್ಕ ನನಗಂತೂ ತಿಳಿಯೋದಿಲ್ಲ. ಹಾಡು ಮೂರು ಹೊಲದಾಚೆ ಕೇಳ್ತದೆ, ಬ್ರೇಕು ಮೂರು ಮಾರಿನಾಚೆ ಹಿಡಿಯೋದಿಲ್ಲ.

ಇಷ್ಟು ಹೇಳಿ ಸುಮ್ಮನಾದರೆ ನಾನೂ ಅರ್ಧ ಸುಳ್ಳು ಹೇಳಿದ ಹಾಗೆ. ಯಾಕಂದ್ರೆ ಕೊಂಡಿ ಹಾಕಿದರೂ, ಆಯಿಲ್ ಬ್ರೇಕ್ ಇದ್ದರೂ, ಜಗತ್ತಿನಲ್ಲೇ ಉತ್ತಮವಾದ ಲೈನರ್ ಹಾಕಿಸಿದರೂ ಆ 20 ಟನ್ ನಿಲ್ಲೋದಿಲ್ಲ. ಬ್ರೇಕ್ ಗಾಲಿಯನ್ನು ಹಿಡೀತದೆ, ಗಾಡಿಯನ್ನು ಹಿಡಿಯೋದು ಟೈರು. ಟೈರಿನ ಹಿಡಿತ ಎಷ್ಟು ಅನ್ನೋದು ಆ ಗಾಲಿಯ ಮೇಲೆ ಎಷ್ಟು ಭಾರ ಕೂತದ ಅನ್ನೋದರ ಮೇಲೆ.

ಎರಡು ಟನ್ನಿನ ಆಸುಪಾಸಿನ ಟ್ರ್ಯಾಕ್ಟರ್, ಅದರ ಹಿಂದಿನ ಗಾಲಿಗಳ ಮೇಲೆ ಒಂದೂವರೆ ಟನ್ ಅನ್ನಿ. ಒಣ ಡಾಂಬರಿನ ಮೇಲೆ ಟೈರು ತನ್ನ ಮೇಲಿನ ಭಾರದ ಹತ್ತರಲ್ಲಿ ಆರು ಪಾಲಿನಷ್ಟು ಹಿಡೀತದೆ ಅಂತ ಲೆಕ್ಕ ಇಟ್ಕೊಂಡ್ರೆ, ಗಾಲಿ ಜಾರದೆ ತಡೆಯಬಹುದಾದದ್ದು ಮುಕ್ಕಾಲರಿಂದ ಒಂದು ಟನ್ನಿನ ನಡುವೆ, 0.9 ಟನ್. ಅಷ್ಟರಿಂದ 20 ಟನ್ ನಿಲ್ಲಿಸಬೇಕು. 25ರ ವೇಗದಲ್ಲಿ ಬ್ರೇಕ್ ಹಿಡಿದ ಕ್ಷಣದಿಂದ ನಿಲ್ಲೋ ತನಕ 55 ಮೀಟರ್. ಗಾಲಿಗಳ ಉರುಳಾಟದ ತಡೆ ಸೇರಿಸಿದರೆ ಸುಮಾರು 40 ಮೀಟರ್ ಆದೀತು. ಅದೇ ವೇಗದ ಕಾರು ನಾಲ್ಕು ಮೀಟರಿನೊಳಗೆ ನಿಲ್ತದೆ. ಎರಡು ಗಾಲಿಯ ಟ್ರೇಲರ್ ಇದ್ದರೆ ಕೊಂಡಿಯ ಮೇಲೂ ಭಾರ ಬಿದ್ದು ಹಿಂದಿನ ಗಾಲಿಯ ಹಿಡಿತ ತುಸು ಹೆಚ್ಚೀತು, ನಿಜ. ಆದರೆ ಆಗ ಮುಂದಿನ ಗಾಲಿ ಹಗುರಾಗ್ತದೆ, ಸ್ಟೇರಿಂಗ್ ಮಾತು ಕೇಳೋದಿಲ್ಲ.

ಇದು ಸಪಾಟು ರಸ್ತೆಯ ಮಾತು. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಇಳಿಯೋ ರಸ್ತೆಗೆ ಬರ್ರಿ. ಅಂಥ ಇಳಕಲಿನಲ್ಲಿ 20 ಟನ್ ತನ್ನಷ್ಟಕ್ಕೆ ತಾನೇ ಒಂದು ಟನ್ನಿನ ಬಲದಿಂದ ಕೆಳಗೆ ಜಗ್ತದೆ. ತಡೆಯೋದು 0.9. ಉರುಳಾಟದ ತಡೆ ಒಂದಿಷ್ಟು ಕೈ ಹಿಡಿದರೂ ನಿಲ್ಲಿಸಲಿಕ್ಕೆ ಉಳಿಯೋದು ಏನೂ ಇಲ್ಲದಷ್ಟು. ಮೇಲೆ ಕಾವಿನ ಕಥೆ ಬೇರೆ. 20 ಟನ್ 30 ಮೀಟರ್ ಎತ್ತರ ಇಳೀತು ಅಂದ್ರೆ, 25ರ ವೇಗದಿಂದ ಹನ್ನೆರಡು ಸಲ ನಿಲ್ಲಿಸಿದಷ್ಟು ಶಾಖ. ಅದನ್ನೆಲ್ಲ ಬರೇ ಬ್ರೇಕೇ ನುಂಗಬೇಕು ಅಂದ್ರೆ ಡ್ರೈ ಪ್ಲೇಟು ಸುಟ್ಟು ನಾರ್ತದೆ. ಟ್ರ್ಯಾಕಿನ ಮೇಲೆ ಸಾದಾ ಪ್ಯಾಡು ಹಿಡಿತ ಬಿಟ್ಟ ಹಾಗೆಯೇ ಇದೂ ಬಿಡ್ತದೆ. ಗೇರಿನಲ್ಲಿ ಇಳಿಸಿದರೆ ಎಂಜಿನ್ನು ಅದರಲ್ಲಿ ದೊಡ್ಡ ಪಾಲು ಹೊರ್ತದೆ. ಡೀಸೆಲ್ ಉಳೀತದೆ ಅಂತ ನ್ಯೂಟ್ರಲ್ ಮಾಡಿ ಇಳಿಸೋ ಜಾಣರು ಉಳಿಸೋದು ನಾಲ್ಕು ರೂಪಾಯಿ, ಬಿಟ್ಟುಕೊಡೋದು ತಮ್ಮ ಹತ್ತಿರ ಇದ್ದ ಒಂದೇ ಒಂದು ನಂಬಿಗಸ್ಥ ಬ್ರೇಕು.

ಹಾಗಾದರೆ ಏನು ಮಾಡಬೇಕು? ಉತ್ತರ ಲೆಕ್ಕದೊಳಗೇ ಅದ. ಭಾರ ಎಲ್ಲಿ ಕೂತದೋ ಹಿಡಿತ ಅಲ್ಲಿ ಅದ. ಹದಿನೆಂಟು ಟನ್ ಟ್ರೇಲರ್ ಗಾಲಿಗಳ ಮೇಲೆ ಕೂತದ. ಆ ಗಾಲಿಗಳಿಗೆ ಬ್ರೇಕ್ ಇದ್ದರೆ, ಹೇರಿದಷ್ಟೂ ಹಿಡಿತ ಹೆಚ್ಚಾಗ್ತಾ ಹೋಗ್ತದೆ. ಈಗ ಆ ಗಾಲಿಯೊಳಗೆ ಬಗ್ಗಿ ನೋಡಿದರೆ ಬಹುತೇಕ ಟ್ರೇಲರಿನಲ್ಲಿ ಡ್ರಮ್ಮೂ ಇಲ್ಲ, ಲೈನರೂ ಇಲ್ಲ. ಅಚ್ಚು, ಬೇರಿಂಗು, ಟೈರು, ಮುಗೀತು.

ಇದೇನೂ ಹೊಸ ವಿಜ್ಞಾನ ಅಲ್ಲ. ಇಳಿಜಾರಿನ ಸೀಮೆಯ ಚಕ್ಕಡಿಗೆ ಗಾಲಿಗೆ ಒತ್ತೋ ಮರದ ತುಂಡು ಕಟ್ಟತಿದ್ರು. ಎತ್ತಿನ ಕೊರಳಿಗೆ ಬ್ರೇಕ್ ಕಟ್ಟಲಿಲ್ಲ ನಮ್ಮ ಹಿರಿಯರು, ಭಾರ ಹೊತ್ತ ಗಾಲಿಗೇ ಕಟ್ಟಿದ್ರು. ಎತ್ತಿನ ಬದಲು ಟ್ರ್ಯಾಕ್ಟರ್ ಬಂತು, ಒಂದು ಟನ್ನಿನ ಬದಲು ಹದಿನೆಂಟು ಬಂತು, ಬ್ರೇಕ್ ಮಾತ್ರ ಮಾಯ ಆಯಿತು. ಯುರೋಪಿನಲ್ಲಿ ಕಾರಿನ ಹಿಂದೆ ಕಟ್ಟೋ ಟ್ರೇಲರಿನ ಒಟ್ಟು ತೂಕ 750 ಕಿಲೋ ದಾಟಿದರೆ ಅದಕ್ಕೆ ಸ್ವಂತ ಬ್ರೇಕ್ ಬೇಕೇ ಬೇಕು. ಹದಿನೆಂಟು ಸಾವಿರ ಅಲ್ಲ, ಏಳುನೂರಾ ಐವತ್ತು.

ಅದಕ್ಕೆ ಟ್ರ್ಯಾಕ್ಟರಿನಲ್ಲಿ ಏನೋ ದೊಡ್ಡ ಬದಲಾವಣೆ ಬೇಕು ಅಂತಲೂ ಇಲ್ಲ. ಓವರ್‌ರನ್ ಬ್ರೇಕ್ ಅಂತ ಒಂದು ಹಳೇ ಪದ್ಧತಿ ಅದ. ಟ್ರ್ಯಾಕ್ಟರ್ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ನೂಕ್ತದಲ್ಲ, ಆ ನೂಕೋ ಬಲದಿಂದಲೇ ಮೂಕಿಯ ತುದಿಯ ಜಾರುವ ಕೊಂಡಿ ಒಂದು ಸಲಾಕೆಯನ್ನು ಒತ್ತಿ ಟ್ರೇಲರಿನ ಬ್ರೇಕ್ ಹಿಡಿಯೋ ಹಾಗೆ ಮಾಡೋದು. ಎಷ್ಟು ನೂಕಿತೋ ಅಷ್ಟು ಹಿಡಿತ. ಹೆಚ್ಚಿನ ಭಾರಕ್ಕೆ ಇದೊಂದೇ ಸಾಲದು. ಅಲ್ಲಿ ಟ್ರ್ಯಾಕ್ಟರಿನ ಪೆಡಲಿಗೇ ಜೋಡಿಸಿದ ಹೈಡ್ರಾಲಿಕ್ ಇಲ್ಲವೇ ಗಾಳಿಯ ಬ್ರೇಕ್ ಬೇಕು. ಡಬಲ್ ಟ್ರೇಲರ್ ಅಂದ್ರೆ ಇವೇ ಬೇಕು. ಲಾರಿಗಳಲ್ಲಿ ಎಷ್ಟೋ ಕಾಲದಿಂದ ಇರೋ ವಸ್ತು ಇವು, ಚಂದ್ರಲೋಕದಿಂದ ತರಬೇಕಾಗಿಲ್ಲ.

ಇಲ್ಲಿಗೆ ಬಂದಾಗ ಎದುರು ಮಾತು ಸುರು ಆಗ್ತಾವೆ. ಒಂದೊಂದಾಗಿ ನೋಡೋಣ.

"ನಲವತ್ತ ವರ್ಷ ಆತು ಹಿಂಗ ಹೊಡ್ಯಾಕತ್ತೀವಿ, ಏನೂ ಆಗಿಲ್ಲ." ನಿಮಗೆ ಆಗಿಲ್ಲ, ಸಂತೋಷ ಕಾಕಾ. ಆದರೆ ಹಂಗಾಮು ಸುರು ಆಯಿತು ಅಂದ್ರೆ ಪತ್ರಿಕೆಯ ಜಿಲ್ಲಾ ಪುಟ ತೆರೆಯಲಿಕ್ಕೆ ಅಂಜಿಕೆ ಆಗ್ತದೆ. ನಲವತ್ತು ವರ್ಷದ ಹಿಂದಿನ ಟ್ರ್ಯಾಕ್ಟರ್ ಇಷ್ಟು ದೊಡ್ಡದಿರಲಿಲ್ಲ, ರಸ್ತೆ ಇಷ್ಟು ನುಣುಪಿರಲಿಲ್ಲ, ರಸ್ತೆಯ ಮೇಲೆ ಇಷ್ಟು ಬೈಕೂ ಇರಲಿಲ್ಲ.

"ಡ್ರೈವರ್ ಹುಷಾರಿದ್ರ ಸಾಕ್ರಿ." ಹುಷಾರಿ ಇದ್ದವನು ಬ್ರೇಕನ್ನು ಬೇಗ ಒತ್ತಬಹುದು, ಇಲ್ಲದ ಬ್ರೇಕನ್ನು ಒತ್ತಲಿಕ್ಕೆ ಆಗೋದಿಲ್ಲ. ರಾತ್ರಿ ಎಲ್ಲ ಪಾಳಿಗೆ ನಿಂತು, ಗೇಟಿನ ಮುಂದೆ ತಾಸುಗಟ್ಟಲೆ ಕಾದು, ಕಬ್ಬು ಇಳಿಸಿ, ಮತ್ತೆ ಹೊಲಕ್ಕೆ ಓಡೋ ಇಪ್ಪತ್ತೆರಡರ ಹುಡುಗನ ಹುಷಾರಿಯ ಮೇಲೆ ಒಂದು ಊರಿನ ಜೀವ ಬಿಡೋದು ಆ ಹುಡುಗನಿಗೆ ಮಾಡೋ ಅನ್ಯಾಯ.

"ರಿಫ್ಲೆಕ್ಟರ್ ಹಚ್ಚೀವಲ್ರಿ." ಹಚ್ಚಿದ್ದು ಒಳ್ಳೆಯದೇ, ಹಚ್ಚಲೇಬೇಕು. ಹಂಗಾಮು ಬಂತು ಅಂದ್ರೆ ಅಧಿಕಾರಿಗಳು ಬಂದು ಕೆಂಪು ಪಟ್ಟಿ ಅಂಟಿಸಿ ಫೋಟೊ ತೆಗೆಸಿಕೊಂಡು ಹೋಗ್ತಾರೆ. ಆ ಪಟ್ಟಿ ಹಿಂದಿನಿಂದ ಬರೋರಿಗೆ ಟ್ರೇಲರ್ ತೋರಿಸ್ತದೆ. ಮುಂದೆ ಇದ್ದವನಿಗಾಗಿ ಟ್ರೇಲರನ್ನು ನಿಲ್ಲಿಸೋದಿಲ್ಲ. ಹಿಂದಿನವರ ಕಣ್ಣಿಗೆ ಪಟ್ಟಿ ಕೊಟ್ಟು, ಮುಂದಿನವರ ಜೀವಕ್ಕೆ ಏನೂ ಕೊಡದೆ "ರಸ್ತೆ ಸುರಕ್ಷತೆ" ಅಂದ್ರೆ ನಾನು ಒಪ್ಪೋದಿಲ್ಲ.

"ಖರ್ಚು ಯಾರು ಕೊಡ್ತಾರ?" ಇದು ಮಾತ್ರ ಖರೇ ಪ್ರಶ್ನೆ. ಸಾಲ ಮಾಡಿ ಟ್ರ್ಯಾಕ್ಟರ್ ತಂದವನಿಗೆ, ಟೋಳಿಗೆ ಮುಂಗಡ ಕೊಟ್ಟು ಕೈ ಖಾಲಿ ಮಾಡಿಕೊಂಡವನಿಗೆ "ಟ್ರೇಲರ್ ಬ್ರೇಕ್ ಹಾಕಿಸ್ಕೊ, ಇಲ್ಲಾ ದಂಡ ಕಟ್ಟು" ಅನ್ನೋದು ಸುಲಭ, ನ್ಯಾಯ ಅಲ್ಲ. ಅವನಿಗೆ ದುಡ್ಡು ಸಿಗೋದು ಟನ್ನಿನ ಲೆಕ್ಕಕ್ಕೆ, ಕಿಲೋಮೀಟರಿನ ಲೆಕ್ಕಕ್ಕೆ. ಹೆಚ್ಚು ಹೇರಿದರೆ ಹೆಚ್ಚು ದುಡ್ಡು, ಬ್ರೇಕ್ ಹಾಕಿಸಿದರೆ ಒಂದು ಪೈಸಾ ಹೆಚ್ಚಿಲ್ಲ. ಈ ಲೆಕ್ಕ ಹಾಕಿದವನು ಡ್ರೈವರ್ ಅಲ್ಲ. ಹಾಗಾಗಿ ತಪ್ಪು ಹೊರಿಸಲಿಕ್ಕೆ ಅವನನ್ನೇ ಹುಡುಕೋದು ಬ್ಯಾಡ.

ನನ್ನ ಬೆರಳು ತೋರೋದು ಸಕ್ಕರೆ ಕಾರ್ಖಾನೆಯ ಗೇಟಿನ ಕಡೆಗೆ. ಇದು ಒಂದು ಕಾರ್ಖಾನೆಯ ಮಾತಲ್ಲ, ಕಾಟಾ ಇರೋ ಪ್ರತಿ ಗೇಟಿನದು. ಪ್ರತಿ ಟ್ರೇಲರ್ ಎಷ್ಟು ತುಂಬಿ ಬಂತು, ಖಾಲಿ ಎಷ್ಟು ತೂಗಿತು ಅನ್ನೋ ಕಾಗದ ಆ ಕಾಟಾದಲ್ಲಿ ಹುಟ್ಟುತದೆ. ರಸ್ತೆಯ ಮೇಲೆ ನಿಂತ ಪೊಲೀಸರಿಗೆ ಭಾರ ಅಂದಾಜು. ಗೇಟಿನವರಿಗೆ ಕಿಲೋ ಕಿಲೋ ಗೊತ್ತು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ಅಂತ 2019ರ ತಿದ್ದುಪಡಿ ಹೇಳ್ತದೆ. ಸಾಕ್ಷಿ ದಿನಾ ಕಾಟಾದಿಂದ ಮುದ್ರಣ ಆಗಿ ಹೊರಗೆ ಬರ್ತದೆ, ಯಾರೂ ಓದೋದಿಲ್ಲ. ಅದೇ ಗೇಟಿನಲ್ಲಿ ಕಬ್ಬಿನ ರವದಿ ಹೆಚ್ಚಾಯ್ತು, ಕಬ್ಬು ಒಣಗಿತು ಅಂದ್ರೆ ಮಾತು ಬರ್ತದೆ. ರವದಿ ನೋಡೋ ಕಣ್ಣಿಗೆ ಗಾಲಿ ಕಾಣೋದಿಲ್ಲವೇ?

ಇದು ಯಾಕೆ ಇಷ್ಟು ಜರೂರು ಅಂದ್ರೆ ನಮ್ಮ ಸೀಮೆಯ ರಸ್ತೆಯ ಹಣೆಬರಹವೇ ಹಾಗದ. ಮಲಪ್ರಭೆಯ ನೀರು ಬಂದ ಮೇಲೆ ಕಬ್ಬು ಬೆಳೀತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಹಂಗಾಮು ನಡೆಯೋದು ಚಳಿಗಾಲದಲ್ಲಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಜನ ಹರಿದು ಬರೋದೂ ಅದೇ ತಿಂಗಳುಗಳಲ್ಲಿ. ತಲೆ ಮೇಲೆ ಕೊಡ ಹೊತ್ತು, ಮಕ್ಕಳ ಕೈ ಹಿಡಿದು, ರಾತ್ರಿ ಬೆಳಗು ನಡೆಯೋ ಮಂದಿ, ಚಕ್ಕಡಿಯಲ್ಲಿ ಬರೋರು, ಟ್ರ್ಯಾಕ್ಟರಿನ ಟ್ರೇಲರಿನಲ್ಲೇ ಜಮಖಾನೆ ಹಾಸಿಕೊಂಡು ಬರೋರು. ಅದೇ ರಸ್ತೆಗೆ ಹಿಂದಿನಿಂದ ಹದಿನೆಂಟು ಟನ್ ಕಬ್ಬು. ಕಿತ್ತೂರಿನ ಕಡೆ ಬಂದರೆ ರಾಷ್ಟ್ರೀಯ ಹೆದ್ದಾರಿ 48. ಪುಣೆ ಬೆಂಗಳೂರಿನ ಬಸ್ಸು ಲಾರಿಗಳು 80, 100ರಲ್ಲಿ ಓಡೋ ಕಡೆ ನಮ್ಮ ಡಬಲ್ ಟ್ರೇಲರ್ 20ರಲ್ಲಿ ಅಡ್ಡ ಹಾಯ್ತದೆ. ರಾಮದುರ್ಗದ ಕಲ್ಲುಗುಡ್ಡಗಳ ನಡುವಿನ ಏರಿಳಿತ ಬೇರೆ. ಜಾತ್ರೆಗೆ ಬಂದ ಮುದುಕಿ ರಸ್ತೆಯ ಅಂಚಿನಲ್ಲಿ ನಡೀತಿದ್ರೆ ಅವಳ ಹತ್ತಿರ ಇರೋದು ದೇವಿಯ ಮೇಲಿನ ನಂಬಿಗೆ. ಹಿಂದೆ ಬರೋ ಡ್ರೈವರನ ಹತ್ತಿರ ಅದಕ್ಕಿಂತ ಹೆಚ್ಚಿನದು ಏನಾದರೂ ಇರಬೇಕಲ್ಲ.

ನಾನು ಕೇಳೋದು ನಾಲ್ಕೇ ಸಂಗತಿ. ಒಂದು, ಈ ಹಂಗಾಮಿನಿಂದಲೇ, ಪೆಡಲ್ ಕೂಡಿಸೋ ಕೊಂಡಿ ಇಲ್ಲದ ಟ್ರ್ಯಾಕ್ಟರಿಗೆ ಗೇಟಿನಲ್ಲಿ ಪಾಳಿ ಚೀಟಿ ಕೊಡಬಾರದು. ಗ್ಯಾರೇಜಿನಲ್ಲಿ ಒಂದು ತಾಸಿನ ಕೆಲಸ ಅದು, ಖರ್ಚಿನ ನೆಪ ಇಲ್ಲ. ಎರಡು, ಬ್ರೇಕ್ ಇಲ್ಲದ ಟ್ರೇಲರ್ ಎರಡೆರಡು ಕಟ್ಟೋದು ನಿಲ್ಲಬೇಕು. ಬ್ರೇಕ್ ಇಲ್ಲ ಅಂದ್ರೆ ಒಂದೇ ಟ್ರೇಲರ್, ಅದೂ ಮಿತಿಯೊಳಗೆ. ಮೂರು, ಬ್ರೇಕ್ ಇರೋ ಟ್ರೇಲರಿಗೆ ಸಾಗಣೆಯ ದರದಲ್ಲಿ ಟನ್ನಿಗೆ ಇಷ್ಟು ಅಂತ ಹೆಚ್ಚಿಗೆ ಕೊಡಬೇಕು, ಮತ್ತು ಆ ಹೆಚ್ಚಿಗೆಯನ್ನು ಬೆಳೆಗಾರನ ಬಿಲ್ಲಿನಲ್ಲಿ ಕಟಾವು ಸಾಗಣೆ ಅಂತ ಮುರಕೊಳ್ಳದೆ ಕಾರ್ಖಾನೆಯೇ ಹೊರಬೇಕು. ನಾಲ್ಕು, ರೈತರಿಗೆ ರೋಟಾವೇಟರಿಗೆ, ಪಂಪಿಗೆ ಸಹಾಯಧನ ಕೊಡೋ ಸರಕಾರ ಟ್ರೇಲರ್ ಬ್ರೇಕಿಗೂ ಕೊಡಲಿ. ನಮ್ಮ ಊರುಗಳಲ್ಲಿ ಟ್ರೇಲರ್ ಕಟ್ಟೋ ವೆಲ್ಡಿಂಗ್ ಅಂಗಡಿಯವರ ಕೈಯಲ್ಲಿ ಕಸುಬು ಅದ. ಒಂದು ಒಳ್ಳೆಯ ನಮೂನೆ ಕೊಟ್ಟು, ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟರೆ ಅವರೇ ಮಾಡಿ ಕೊಟ್ಟಾರು.

ಕಾಯ್ದೆ ಟ್ರ್ಯಾಕ್ಟರ್ ಅನ್ನೋದನ್ನ ಹೇಗೆ ವಿವರಿಸ್ತದೆ ಗೊತ್ತೇನು? 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ತನ್ನ ಮೇಲೆ ತಾನು ಭಾರ ಹೊರಲಿಕ್ಕೆ ಮಾಡಿದ್ದಲ್ಲದ ವಾಹನ. ಎಳೆಯೋದು ಅದರ ಕೆಲಸ, ಹೊರೋದಲ್ಲ. ಹೊರೋದು ಟ್ರೇಲರ್. ಅಂದ ಮೇಲೆ ಹೊತ್ತವನನ್ನು ತಡೆಯೋ ಕೆಲಸವನ್ನೂ ಎಳೆಯೋನ ತಲೆಗೇ ಕಟ್ಟೋದು ಯಾವ ನ್ಯಾಯ? ಬೈಕಿನ ಹುಡುಗ ಒಂದು ದಿನದ ಖುಷಿಗಾಗಿ ಎರಡನೇ ಜೋಡಿ ಪ್ಯಾಡ್ ಕೊಳ್ತಾನೆ. ನಾಲ್ಕು ತಿಂಗಳ ಹಂಗಾಮಿಗೆ, ಸಾವಿರಾರು ಟನ್ ಕಬ್ಬಿಗೆ ಎರಡನೇ ಬ್ರೇಕ್ ಕೊಡಿಸಲಿಕ್ಕೆ ಆಗದಷ್ಟು ಬಡತನ ಈ ಸಕ್ಕರೆಯ ಸೀಮೆಗೆ ಬಂದಿಲ್ಲ. ಮುಂದಿನ ಸಲ ಕಾರ್ಖಾನೆಯ ವಾರ್ಷಿಕ ಸಭೆಗೆ ಹೋದಾಗ, ಕಬ್ಬಿನ ದರ ಕೇಳಿದ ಬಾಯಿಂದಲೇ ಇದನ್ನೂ ಒಂದು ಮಾತು ಕೇಳ್ರಿ: "ನಮ್ಮ ಟ್ರೇಲರಿಗೆ ಬ್ರೇಕ್ ಯಾವಾಗ ಹಾಕಸ್ತೀರಿ?"